ರೆಸಾರ್ಟ್ ಬೇಡ ಕಣೇ, ಎಷ್ಟು ಜನ ಅಂತ ಹೇಳು

ಹಲೋ… ಆಗುತ್ತಿದೆಯಾ ಇದು? ಹಾಂ, ಸೆಕೆಂಡು ಓಡುತ್ತಿದೆ. ಎಲ್ಲರೂ ಹೇಗಿದ್ದೀರಿ? ನಾನು, ತಿಪಟೂರು ದೊಡ್ಡಮ್ಮ. ಕನ್ನಡಕ ಒಳಗಿದೆ, ನಾನು ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೇನೆ. ಟೈಪ್ ಮಾಡೋಣ ಅಂದರೆ ಕೈಯೆಲ್ಲ ಅಂಟು. ಅದಕ್ಕೇ ವಾಯ್ಸ್. ಉದ್ದ ಆಯಿತು ಅಂತ ಬೈಬೇಡಿ, ಸಾರು ಕುದಿಯುವ ಹೊತ್ತಲ್ಲಿ ಕೇಳಿಸಿಕೊಳ್ಳಿ.

ಸುಧಾ, ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. ಈ ಸಲ ರಜೆಗೆ ಹನ್ನೊಂದು ಮಕ್ಕಳೂ ಒಟ್ಟಿಗೆ ಬರುತ್ತವೆ, ಊರಲ್ಲಿ ಹತ್ತು ದಿನ ಏನು ಮಾಡಿಯಾವು, ನಡುವೆ ಎರಡು ದಿನ ಸಕಲೇಶಪುರದ ಕಡೆ ರೆಸಾರ್ಟ್ ಬುಕ್ ಮಾಡೋಣವಾ ಅಂತ ಕೇಳಿದ್ದೀಯ. ಜೊತೆಗೆ ಪುಟ್ಟಿಯ ಐದನೇ ಹುಟ್ಟುಹಬ್ಬ ಮೇ ಮೊದಲ ವಾರಕ್ಕೆ ಬರುತ್ತದೆ, ಬಲೂನ್ ಡೆಕೊರೇಷನ್ ಮಾಡುವವರು ಅಲ್ಲಿ ಯಾರಾದರೂ ಸಿಗುತ್ತಾರಾ ಅಂತ ಬೇರೆ. ನಿಮ್ಮನೆಯವರು ಒಂದು ಹೆಬ್ಬೆರಳು ಹಾಕಿದರು, ನಮ್ಮ ತಮ್ಮನೂ ಒಂದು ಹಾಕಿದ. ನಾನು ಮಾತ್ರ ಸುಮ್ನೆ ಇದ್ದೆ.

ರೆಸಾರ್ಟ್ ಬೇಡ ಕಣೇ. ದುಡ್ಡಿನ ಮಾತಲ್ಲ. ನನಗೆ ಹನ್ನೊಂದು ಜೊತೆ ಕೈ ಬೇಕಾಗಿದೆ.

ಹೋದ ವರ್ಷ ಏಪ್ರಿಲ್ 30ಕ್ಕೆ ಬಸವ ಜಯಂತಿ ಬಂದಿತ್ತು, ನೆನಪಿದೆಯಾ? ನೀವಿನ್ನೂ ಬಂದಿರಲಿಲ್ಲ. ನಿನ್ನ ತಂಗಿ ಮಕ್ಕಳು, ನನ್ನ ಮೊಮ್ಮಕ್ಕಳು, ಒಟ್ಟು ಏಳು ಇದ್ದವು. ಬಂದು ಎರಡು ದಿನ ಆಗಿತ್ತು ಅಷ್ಟೆ. ಎರಡು ದಿನವೂ ಒಂದೇ ರಾಗ, ‘ಬೋರ್ ಆಗ್ತಿದೆ, ನೆಟ್ ಬರ್ತಿಲ್ಲ’. ನಾನೂ ಏನೇನೋ ಹೇಳಿ ನೋಡಿದೆ. ಚಿತ್ರ ಬರೀರಿ ಅಂದೆ, ಆಟ ಆಡಿ ಅಂದೆ. ಊಹೂಂ. ಮೂರನೇ ದಿನ ನನಗೆ ಪುರುಸೊತ್ತಿರಲಿಲ್ಲ, ಸಂಡಿಗೆ ಹಾಕುವುದಿತ್ತು. ಹಿಂದಿನ ರಾತ್ರಿ ಅಕ್ಕಿ ನೆನೆಸಿದ್ದೆ. ಬೆಳಗ್ಗೆ ಐದಕ್ಕೆ ರುಬ್ಬಿ, ಹಿತ್ತಿಲ ಸೌದೆ ಒಲೆ ಮೇಲೆ ಕೊಪ್ಪರಿಗೆ ಇಟ್ಟೆ. ಒಂದು ಪಾವು ಅಕ್ಕಿಗೆ ಆರು ಪಾವು ನೀರು. ಆ ಹಿಟ್ಟು ಕುದ್ದು ಕುದ್ದು ಕನ್ನಡಿ ಹಾಗೆ ಹೊಳೆಯುವವರೆಗೂ ಕೈ ಬಿಡಬಾರದು, ಬಿಟ್ಟರೆ ತಳ ಹಿಡಿಯುತ್ತದೆ. ನನ್ನ ಭುಜ ಬಿದ್ದುಹೋಗುತ್ತಿತ್ತು. ಎದ್ದು ಬಂದ ಮೊದಲ ಹುಡುಗನ ಕೈಗೇ ಸೌಟು ಕೊಟ್ಟೆ. ‘ತಿರುಗಿಸು, ನಿಲ್ಲಿಸಿದರೆ ಎಲ್ಲ ಹಾಳು’ ಅಂದೆ, ಬೇರೇನೂ ಹೇಳಲಿಲ್ಲ. ಅವನು ನಿಲ್ಲಿಸಲೇ ಇಲ್ಲ! ಉಳಿದವು ಒಂದೊಂದಾಗಿ ಬಂದು ನನಗೆ ಕೊಡು ನನಗೆ ಕೊಡು ಅಂತ ಸಾಲು ನಿಂತವು.

ಆಮೇಲೆ ತಾರಸಿ ಮೇಲೆ ನಿಮ್ಮ ದೊಡ್ಡಪ್ಪನ ಹಳೇ ಪಂಚೆಗಳನ್ನು ಒದ್ದೆ ಮಾಡಿ ಹಾಸಿದೆವು. ಹಿಟ್ಟಿಗೆ ಜೀರಿಗೆ, ಇಂಗು, ರುಬ್ಬಿದ ಹಸಿಮೆಣಸು, ಕಡೆಗೆ ನಿಂಬೆಹುಳಿ. ಎಲ್ಲರ ಕೈಗೂ ಒಂದೊಂದು ಚಮಚ. ನಾನು ಹಾಕಿದ್ದು ದುಂಡಗೆ, ಸಾಲಾಗಿ. ಅವು ಹಾಕಿದ್ದನ್ನು ನೀನು ನೋಡಬೇಕಿತ್ತು. ಒಂದು ಹುಡುಗಿ ಮೀನು ಮಾಡಿದಳು, ಒಬ್ಬ ಕರ್ನಾಟಕದ ನಕ್ಷೆ ಅಂತ ಏನೋ ಚೆಲ್ಲಿದ. ಆದಿ ತನ್ನ ಹೆಸರಿನ ‘ಆ’ ಬರೆದ, ಪಕ್ಕದಲ್ಲಿ ಇನ್ನೊಂದು ‘ಆ’, ಹೀಗೆ ಒಂದು ಪಂಚೆ ತುಂಬ ಬರೀ ‘ಆ’. ಕನ್ನಡ ಬರೆಯೋಕೆ ಅಳುವ ಮಗು ಅದು, ಗೊತ್ತಲ್ಲ. ನಾನು ಏನೂ ಅನ್ನಲಿಲ್ಲ. ಒಣಗಿದ ಮೇಲೆ ಎಲ್ಲ ಒಂದೇ ರುಚಿ.

ಕಾಗೆ ಕಾಯೋಕೆ ಎಲ್ಲಕ್ಕಿಂತ ಸಣ್ಣವನನ್ನು ಕೂರಿಸಿದೆ, ನಾಲ್ಕು ವರ್ಷದ್ದು. ಕೈಗೆ ಅಮ್ಮನ ಕರೀ ಕೊಡೆ ಕೊಟ್ಟು ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿಸಿದೆವು. ಅರ್ಧ ಗಂಟೆಗೊಮ್ಮೆ ನೀರು ಮಜ್ಜಿಗೆ ಸಪ್ಲೈ. ಕಾಗೆಯಿಂದ ಕಾದನೋ ಇಲ್ಲವೋ, ದೊಡ್ಡ ಮಕ್ಕಳಿಂದಂತೂ ಕಾಯಲಿಲ್ಲ. ಅರೆ ಒಣಗಿದ ಸಂಡಿಗೆ ಇದೆಯಲ್ಲ, ಮೇಲೆ ಗರಿ, ಒಳಗೆ ಮೆತ್ತಗೆ, ಅದರ ರುಚಿ ಯಾರಿಗೆ ಗೊತ್ತಿಲ್ಲ? ನೀನೂ ಕದ್ದು ತಿಂದವಳೇ. ಮಧ್ಯಾಹ್ನದ ಹೊತ್ತಿಗೆ ಅಂಚಿನ ಎರಡು ಸಾಲು ಮಾಯ.

ಮೂರೂವರೆಗೆ ಭರಣಿ ಮಳೆ. ಮೋಡ ಕಂಡಿದ್ದೇ ತಡ, ದಪ್ಪ ಹನಿ. ಎಲ್ಲರೂ ಕೂಗಿಕೊಂಡು ಮೆಟ್ಟಿಲು ಹತ್ತಿದೆವು. ಎದುರು ಮನೆಯವರೂ ಓಡಿ ಬಂದರು. ಪಂಚೆಯ ನಾಲ್ಕು ಮೂಲೆಗೆ ನಾಲ್ಕು ಮಕ್ಕಳು, ಹಾಗೇ ಎತ್ತಿಕೊಂಡು ಇಳಿಯುವುದು, ಮತ್ತೆ ಹತ್ತುವುದು. ಕಡೆಯ ಪಂಚೆಗೆ ಹೋದಾಗ ನೋಡುತ್ತೇನೆ, ನಮ್ಮ ಕಾವಲುಗಾರ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದಾನೆ, ಕೊಡೆ ಸಂಡಿಗೆ ಮೇಲೆ! ‘ಅಜ್ಜೀ, ಒಂದೂ ಕಾಗೆ ಬರಲಿಲ್ಲ’ ಅಂದ. ಒಂದು ಪಂಚೆಯಷ್ಟು ಕರಗಿ ಗಂಜಿ ಆಯಿತು, ಹಸುವಿಗೆ ಹಾಕಿದೆ. ಉಳಿದದ್ದನ್ನು ನಡುಮನೆಯಲ್ಲಿ ಫ್ಯಾನ್ ಕೆಳಗೆ ಹಾಸಿ, ಮಾರನೇ ದಿನ ಬಿಸಿಲಿಗಿಟ್ಟು, ಪಂಚೆಯ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಿದೆವು. ಬಿಡಿಸುವುದಕ್ಕೂ ಜಗಳ.

ಗೌರಿ ಹಬ್ಬಕ್ಕೆ ಆದಿಯ ಅಮ್ಮ ಬೆಂಗಳೂರಲ್ಲಿ ಡಬ್ಬಿ ತೆಗೆದು ಕರಿದಾಗ ಎಣ್ಣೆಯಲ್ಲಿ ಒಂದು ‘ಆ’ ಅರಳಿ ಮೇಲೆ ಬಂತಂತೆ. ವಿಡಿಯೊ ಕಾಲ್ ಮಾಡಿ ತೋರಿಸಿದ. ತಿನ್ನಲಿಲ್ಲ, ಎತ್ತಿಟ್ಟಿದ್ದಾನೆ. ಇಷ್ಟೊತ್ತಿಗೆ ಮೆತ್ತಗಾಗಿ ಹೋಗಿರುತ್ತದೆ ಅದು.

…ಅಯ್ಯೋ, ಕಟ್ ಆಯಿತು. ಬೆರಳು ತೆಗೆದುಬಿಟ್ಟೆ. ಎಲ್ಲಿದ್ದೆ? ಹಾಂ.

ಈ ಸಲದ ಕೆಲಸದ ಪಟ್ಟಿ ನನ್ನ ಹತ್ತಿರ ಆಗಲೇ ಇದೆ. ಅಟ್ಟದ ಮೇಲೆ ಹೋದ ವರ್ಷ ಹಾಕಿದ ತೆಂಗಿನಕಾಯಿ ಹಾಗೇ ಇದೆ, ಹನ್ನೊಂದು ತಿಂಗಳಾಯಿತು. ಉಂಡೆ ಕೊಬ್ಬರಿ ಆಗಿದೆಯಾ ಅಂತ ಒಂದೊಂದನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ಒಣಗಿದ್ದರೆ ಒಳಗೆ ಗಡಗಡ ಅನ್ನುತ್ತದೆ. ನಿಮ್ಮ ದೊಡ್ಡಪ್ಪನಿಗೆ ಈಗ ಒಂದು ಕಿವಿ ಸರಿಯಾಗಿ ಕೇಳುವುದಿಲ್ಲ, ಅರೆಒಣಗಿದ್ದನ್ನೆಲ್ಲ ಆಗಿದೆ ಆಗಿದೆ ಅಂತ ಕೆಳಗೆ ಎಸೆಯುತ್ತಾರೆ. ಮಕ್ಕಳ ಕಿವಿ ಬೇಕು. ಹತ್ತು ಹನ್ನೆರಡು ವರ್ಷದವರು ನಾಲ್ಕು ಜನ ಇದ್ದಾರಲ್ಲ, ಅವರು ಅಟ್ಟಕ್ಕೆ. ಹಳೇ ಬಟ್ಟೆ ಹಾಕಿಸು, ಧೂಳು ಜಾಸ್ತಿ.

ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಗೆ ಹೋಗುವ ಹಾಗಿಲ್ಲ, ಆ ಬಿಸಿಲು ನಿಮ್ಮ ಬೆಂಗಳೂರಿನ ಬಿಸಿಲಲ್ಲ. ಆ ಹೊತ್ತಿಗೆ ಜಗಲಿ ಇದೆ, ಚೌಕಾಬಾರ ಇದೆ. ಈಗ ಬಿಡಿಸುತ್ತಿರುವ ಹುಣಸೆ ಬೀಜ ಎತ್ತಿಟ್ಟಿದ್ದೇನೆ, ಅದಕ್ಕೇ. ಮಕ್ಕಳೇ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳಲಿ. ಉಜ್ಜಿದ ಬೀಜ ಬಿಸಿ ಆಗುತ್ತದೆ, ಅದನ್ನು ಪಕ್ಕದವರ ತೋಳಿಗೆ ಚುರ್ ಅಂತ ಇಡುತ್ತವೆ, ಒಂದಿಷ್ಟು ಅಳು ಆಗುತ್ತದೆ. ಅದು ಆಟದ ಭಾಗ, ನೀವು ದೊಡ್ಡವರು ನಡುವೆ ಬರಬೇಡಿ. ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ, ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಬೀಜವೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಒಬ್ಬರ ಕಾಯಿಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವ ಹಾಗಿಲ್ಲ. ಹಾಗಾಗಿ ಪಾಪದ ಮಕ್ಕಳೂ ಒಂದು ಸಲ ಹೊಡೆಯಲೇಬೇಕು. ನಡುವಿನ ಮನೆ ಸೇರಿದ ಕಾಯಿ ‘ಹಣ್ಣು’. ಹೋದ ವರ್ಷ ಅಮ್ಮ, 84 ವರ್ಷದ ಅಮ್ಮ, ಮೂರು ಸಲ ಸಾಲಾಗಿ ಬಾರ ಹಾಕಿದರು. ನಾಲ್ಕನೇ ಸಲ ಬೀಜ ಬೀಳುವಾಗ ಸೆರಗು ಅಡ್ಡ ಬಂತು. ಏಳು ವರ್ಷದ ಮೊಮ್ಮಗಳು ಸೆರಗೆತ್ತಿ ನೋಡಿ ‘ಅಜ್ಜಿ ಮೋಸ!’ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ಅಮ್ಮ ಏನು ಅಂದರು ಗೊತ್ತಾ? ‘ನನ್ನ ಕಾಯಿ ಹಣ್ಣಾಗೋ ವಯಸ್ಸು ಕಣೇ, ಬಿಡು.’

ನೀರಾಟದ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ. ಆಡುವುದು ನಮ್ಮ ತೋಟದ ತೊಟ್ಟಿಯಲ್ಲಿ, ಮಕ್ಕಳ ಸೊಂಟದವರೆಗೆ ನೀರು. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಅಂತ ಲೆಕ್ಕ, ಅದು ಬೆಳಗ್ಗೆಯೋ ಮಧ್ಯರಾತ್ರಿಯೋ ಯಾರಿಗೂ ಗೊತ್ತಿಲ್ಲ. ಬಂದಾಗ ಪೈಪಿನ ಕೆಳಗೆ ತಲೆ ಕೊಟ್ಟು ನಿಲ್ಲುವುದು. ಆದರೆ ಕೃಷಿ ಹೊಂಡದ ಹತ್ತಿರ ಒಬ್ಬರೂ ಸುಳಿಯಬಾರದು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಸುತ್ತಮುತ್ತ ಎಷ್ಟೊಂದು ಹೊಂಡ ಆಗಿವೆ, ನೀನು ಓಡಾಡುತ್ತಿದ್ದ ಹೊಲದಲ್ಲೇ ಎರಡಿವೆ. ನೋಡೋಕೆ ಈಜುಕೊಳದ ಹಾಗೇ ಕಾಣುತ್ತದೆ. ಒಳಗೆ ಪ್ಲಾಸ್ಟಿಕ್ ಹಾಸಿರುತ್ತಾರೆ, ಪಾಚಿ ಕಟ್ಟಿ ಜಾರುತ್ತದೆ. ಈಜು ಬರುವವರೂ ಹತ್ತಿ ಬರೋಕೆ ಆಗುವುದಿಲ್ಲ. ಪ್ರತಿ ಬೇಸಿಗೆ ಪೇಪರಿನಲ್ಲಿ ಓದುತ್ತೇವಲ್ಲ, ರಜೆಗೆ ಬಂದ ಮಕ್ಕಳು ಅಂತ. ತೋಟಕ್ಕೆ ಹೋಗುವಾಗ ಒಬ್ಬ ದೊಡ್ಡವರು ಜೊತೆಗೆ ಇರಲೇಬೇಕು, ಫೋನು ಮನೆಯಲ್ಲಿಟ್ಟು. ಇದರಲ್ಲಿ ನನ್ನ ಹತ್ತಿರ ರಾಜಿ ಇಲ್ಲ.

ಇನ್ನು ಪುಟ್ಟಿಯ ಹುಟ್ಟುಹಬ್ಬ. ಬಲೂನ್ ಬೇಡ ಅನ್ನುವುದಿಲ್ಲ, ಒಂದು ಪ್ಯಾಕೆಟ್ ತಂದುಕೊಳ್ಳಿ, ಊದುವುದು ಮಕ್ಕಳ ಕೆಲಸ. ಚಪ್ಪರಕ್ಕೆ ತೆಂಗಿನ ಗರಿ ಇದೆ. ಗರಿಯಲ್ಲಿ ವಾಚು, ಕನ್ನಡಕ, ಪೀಪಿ, ಗಿರಗಿಟ್ಲೆ ಎಲ್ಲ ನಿಮ್ಮ ದೊಡ್ಡಪ್ಪ ಕೂತಲ್ಲೇ ಮಾಡಿಕೊಡುತ್ತಾರೆ. ಬಂದ ಮಕ್ಕಳಿಗೆ ಅದೇ ರಿಟರ್ನ್ ಗಿಫ್ಟ್. ಪೀಪಿ ಕೊಡುವುದು ಮಾತ್ರ ಊಟ ಆದ ಮೇಲೆ, ಇಲ್ಲದಿದ್ದರೆ ತಲೆ ಚಿಟ್ಟು ಹಿಡಿಯುತ್ತದೆ. ಬೆಳಗ್ಗೆ ಎಣ್ಣೆ ಸ್ನಾನ, ಹೊಸ ಲಂಗ, ಮಣೆ ಮೇಲೆ ಕೂರಿಸಿ ಆರತಿ. ಅಮ್ಮನಿಂದ ಹಿಡಿದು ಎಲ್ಲರೂ ಒಬ್ಬೊಬ್ಬರಾಗಿ ಅಕ್ಷತೆ ಹಾಕಲಿ. ಬೀದಿಯ ಮಕ್ಕಳೂ ಬರುತ್ತವೆ, ಹೇಗೂ ಶಾಲೆ ಇರುವುದಿಲ್ಲ.

ಕೇಕಿನ ಬದಲು ಒತ್ತು ಶಾವಿಗೆ, ಕಾಯಿಹಾಲು. ಆ ಮೂರು ಕಾಲಿನ ಶಾವಿಗೆ ಒರಳು ಉಗ್ರಾಣದಿಂದ ತೆಗೆಸಿ ತೊಳೆಸಿದ್ದೇನೆ. ಹಿಟ್ಟಿನ ಉಂಡೆ ಬೆಂದು ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಹಿಡಿ ತಿರುಗುವುದಿಲ್ಲ. ಇಬ್ಬರು ಕಾಲು ಹಿಡಿದುಕೊಳ್ಳಬೇಕು, ಇಬ್ಬರು ಹಿಡಿಗೆ ಜೋತು ಬಿದ್ದು ತಿರುಗಿಸಬೇಕು, ಒಬ್ಬರು ಕೆಳಗೆ ಬಾಳೆಎಲೆ ಹಿಡಿದು ಸುತ್ತು ಸುತ್ತಾಗಿ ಇಳಿಯುವ ಶಾವಿಗೆ ಹಿಡಿಯಬೇಕು. ಮೊದಲನೇ ಒರಳು ಪುಟ್ಟಿಯ ಕೈಯಲ್ಲಿ, ನಾವು ಹಿಂದಿನಿಂದ ಹಿಡಿದುಕೊಳ್ಳೋಣ. ಕ್ಯಾಂಡಲ್ ಊದಲೇಬೇಕು ಅಂತ ಹಠ ಮಾಡಿದರೆ ಮಾಡಲಿ, ಶಾವಿಗೆ ಗುಡ್ಡೆಗೇ ಒಂದು ಸಿಕ್ಕಿಸೋಣ. ಕಾಯಿಹಾಲಿಗೆ ಗಸಗಸೆ, ಏಲಕ್ಕಿ, ಬೆಲ್ಲ. ಖಾರಕ್ಕೆ ಅದೇ ಶಾವಿಗೆಗೆ ಒಗ್ಗರಣೆ, ನಿಂಬೆಹುಳಿ. ಕರಿಯೋಕೆ ಸಂಡಿಗೆ, ಆ ಹೊತ್ತಿಗೆ ಒಣಗಿರುತ್ತದೆ.

ಈಗ ನಿನ್ನ ಅಮ್ಮ ನನಗೆ ಬೇರೆಯಾಗಿ ಫೋನ್ ಮಾಡಿ ಹೇಳಿದ ಮಾತು. ಇಲ್ಲೇ ಹೇಳಿಬಿಡುತ್ತೇನೆ, ಅವಳು ಬೈದರೆ ಬೈಯಲಿ. ‘ಅಕ್ಕಾ, ಊರಲ್ಲಿ ಇಪ್ಪತ್ತೆರಡು ಜನ ಸೇರಿದರೆ ಮಜಾ ಮಕ್ಕಳಿಗೆ, ನಮಗೆ ಅಡುಗೆಮನೆ. ರೆಸಾರ್ಟಿನಲ್ಲಿ ಎರಡು ದಿನ ಕೂತು ತಿನ್ನಬಹುದು.’ ಇದು ನಿಜ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ವರ್ಷ ನಾವು ಮೂರು ಜನ ಹೆಂಗಸರು ಬೆಳಗ್ಗೆ ಹಿಡಿದ ಸೌಟು ರಾತ್ರಿ ಹತ್ತಕ್ಕೆ ಇಟ್ಟೆವು, ಗಂಡಸರು ಜಗಲಿಯಲ್ಲಿ ಇಸ್ಪೀಟು. ಹಾಗಾಗಿ ಈ ಸಲ ಒಂದು ಲೆಕ್ಕ ಮಾಡಿದ್ದೇನೆ. ಬೆಳಗಿನ ತಿಂಡಿ ಗಂಡಸರದು. ಉಪ್ಪಿಟ್ಟು ಗಂಟಾದರೂ ಪರವಾಗಿಲ್ಲ, ದಿನಾ ಉಪ್ಪಿಟ್ಟೇ ಆದರೂ ಪರವಾಗಿಲ್ಲ. ರಾತ್ರಿ ಪಾತ್ರೆಯೂ ಅವರದೇ. ಮಧ್ಯಾಹ್ನ ಊಟ ಬಾಳೆಎಲೆಯಲ್ಲಿ, ತೊಳೆಯುವುದೇ ಬೇಡ. ನಿಮ್ಮ ದೊಡ್ಡಪ್ಪ ಇದಕ್ಕೆ ಹೂಂ ಅಂದಿದ್ದಾರೆ. ಸರಿಯಾಗಿ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ, ಹೂಂ ಅಂತೂ ಅಂದಿದ್ದಾರೆ. ಹೆಬ್ಬೆರಳು ಹಾಕಿದ ಆ ಇಬ್ಬರೂ ಇದಕ್ಕೂ ಒಂದೊಂದು ಹಾಕಲಿ ನೋಡೋಣ.

ಬರುವಾಗ ಕಾರಿನಲ್ಲಿ ಒತ್ತಿಕೊಂಡು ಬರಬೇಡಿ, ರೈಲಿಗೆ ಬನ್ನಿ. ತಿಪಟೂರು ಸ್ಟೇಷನ್ನಿಗೆ ಇವರು ಗಾಡಿ ಕಳಿಸುತ್ತಾರೆ. ಹಳೇ ಕಾಟನ್ ಪಂಚೆ ಇದ್ದರೆ ತನ್ನಿ, ಹೋದ ವರ್ಷದ್ದು ಎರಡು ಹರಿದಿವೆ. ಆದಿಗೆ ಹೇಳು, ಈ ಸಲ ‘ದಿ’ ಕೂಡ ಬರೆಯಬೇಕು ಅಂತ.

ಹಾಂ ಅಮ್ಮಾ, ಸುಧಾನೇ, ಗುಂಪಿಗೆ ಮಾತಾಡುತ್ತಿದ್ದೇನೆ… ಅಮ್ಮ ಕೇಳುತ್ತಿದ್ದಾರೆ, ಸಂಡಿಗೆಗೆ ಎಷ್ಟು ಸೇರು ಅಕ್ಕಿ ನೆನೆಸಬೇಕು ಅಂತ. ಯಾರ್ಯಾರು ಯಾವತ್ತು ಬರುತ್ತೀರಿ, ಇವತ್ತು ಸಂಜೆಯೊಳಗೆ ಹಾಕಿ. ಇಡಲಾ?