ಸಹಾಯ ಬೇಕು: ಮುಳುಗುಗಾರರ ಶಿರಸ್ತ್ರಾಣದ ಮೇಲೆ ಎರಡು ಬೇರೆ ಸಂಖ್ಯೆಗಳು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಗುಜರಿ ಅಂಗಡಿಯೊಂದರಲ್ಲಿ ಕಳೆದ ತಿಂಗಳು ನನಗೆ ಅಮೆರಿಕ ನೌಕಾಪಡೆಯ ಮಾರ್ಕ್ ಫೈವ್ ಮಾದರಿಯ, ಆಳಸಮುದ್ರದ ಮುಳುಗುಗಾರರು ಧರಿಸುತ್ತಿದ್ದ ತಾಮ್ರದ ಶಿರಸ್ತ್ರಾಣವೊಂದು ದೊರೆಯಿತು. 1916ರಿಂದ ದಶಕಗಳ ಕಾಲ ಬಳಕೆಯಲ್ಲಿದ್ದ ಈ ಮಾದರಿಯ ಅಲಂಕಾರಿಕ ನಕಲುಗಳು ನಮ್ಮ ದೇಶದಲ್ಲಿಯೂ ತಯಾರಾಗುವುದರಿಂದ ಮೊದಲು ನನಗೆ ಅನುಮಾನವಿತ್ತು.

ತೂಗಿಸಿದಾಗ ಎದೆಕವಚವೂ ಸೇರಿ 24 ಕಿಲೋ ಬಂದಿತು. ನಕಲುಗಳು ಸಾಮಾನ್ಯವಾಗಿ ಇಷ್ಟು ಭಾರವಿರುವುದಿಲ್ಲ. ತಲೆಯ ಭಾಗವನ್ನು ಎದೆಕವಚದ ಮೇಲಿಟ್ಟು ಎಂಟನೇ ಒಂದು ಸುತ್ತು ತಿರುಗಿಸಿದರೆ ಸಾಕು, ಬಿಗಿಯಾಗಿ ಕೂರುತ್ತದೆ. ಕಿಟಕಿಯ ಸಂದಿಯಲ್ಲಿ ಉಳಿದಿರುವ ಬೂದುಬಣ್ಣವು ಹಳೆಯ ಕಲಾಯಿಯೇ ಎಂದು ಕಲಾಯಿ ಹಾಕುವ ಹಿರಿಯರೊಬ್ಬರು ಹೇಳಿದರು. ಅಮ್ಮ ಹುಣಸೆಹಣ್ಣು ಹಚ್ಚಿ ಬೆಳಗಲು ಹೊರಟಿದ್ದರು, ನಾನು ತಡೆದೆ. ಆ ಕಲಾಯಿ ಹೋದರೆ ಮತ್ತೆ ಬಾರದು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ: ತಲೆಯ ಭಾಗದ ಕತ್ತಿನ ಬಳೆಯ ಮೇಲೆ ಒತ್ತಿರುವ ಸಂಖ್ಯೆಯೇ ಬೇರೆ, ಎದೆಕವಚದ ಮೇಲಿನ ಸಂಖ್ಯೆಯೇ ಬೇರೆ. ಅಂಗಡಿಯವರಿಗೆ ಇದರ ಮೂಲವೇ ಗೊತ್ತಿಲ್ಲ.

ಸೇವೆಯಲ್ಲಿದ್ದಾಗಲೇ ದುರಸ್ತಿಯ ವೇಳೆ ಭಾಗಗಳು ಅದಲುಬದಲಾದವೋ, ನಂತರ ಯಾರಾದರೂ ಎರಡು ಬೇರೆ ಶಿರಸ್ತ್ರಾಣಗಳ ಭಾಗಗಳನ್ನು ಜೋಡಿಸಿದರೋ ಎಂಬುದನ್ನು ಯಾವ ಗುರುತಿನಿಂದ ತಿಳಿಯಬಹುದು? ಅನುಭವವಿರುವವರು ದಯವಿಟ್ಟು ತಿಳಿಸಿ.