‘ಸಂರಚನೆ’ ಒಂದೇ ಪದ, ಎರಡು ಕೆಲಸ: ಯಂತ್ರಾಂಶದ ವಿವರ ಬೇರೆ, ಸೆಟ್ಟಿಂಗ್ ಬೇರೆ ಅಲ್ಲವೇ?

ನಮಸ್ಕಾರ. ಶಿರಸಿಯ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಎಂಬೆಡೆಡ್ (ಸಾಧನದೊಳಗೇ ಅಡಗಿರುವ ಪುಟ್ಟ ಕಂಪ್ಯೂಟರಿನ) ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಡಿಕೆ ತೋಟದ ಗಾಳಿಯ ತೇವಾಂಶ ಅಳೆದು ದಾಖಲಿಸುವ ಪುಟ್ಟ ಬೋರ್ಡು ಅದರ ಉದಾಹರಣೆ. ತೇವ ಹೆಚ್ಚಿದಾಗ ಅಡಿಕೆಗೆ ತಗಲುವ ಕೊಳೆ ರೋಗ ಕಂಡ ಮನೆಯ ಮಕ್ಕಳಿಗೆ ಅದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ. ತೊಡಕಾಗಿರುವುದು ‘ಸಂರಚನೆ’ ಎಂಬ ಪದ.

ತಂತ್ರಾಂಶಗಳ ಕನ್ನಡ ಆವೃತ್ತಿಗಳಲ್ಲಿ ಕಾನ್ಫಿಗರೇಶನ್‌ಗೆ ಇದೇ ಪದ ಬಳಕೆಯಲ್ಲಿದೆ. ಸಮಾಜಶಾಸ್ತ್ರದಲ್ಲಿ ‘ಸಾಮಾಜಿಕ ಸಂರಚನೆ’ ಎಂದರೆ ಸ್ಟ್ರಕ್ಚರ್. ಹಾಗಾಗಿ ‘ಯಂತ್ರಾಂಶ ಸಂರಚನೆ’ ಎಂದು ಬರೆದರೆ ಬೋರ್ಡಿನ ಮೇಲೆ ಏನೇನಿದೆ ಎಂದೂ ಓದಬಹುದು, ಅದನ್ನು ಹೇಗೆ ಹೊಂದಿಸಿದ್ದೇವೆ ಎಂದೂ ಓದಬಹುದು. ಇಂಥ ಪುಟ್ಟ ಬೋರ್ಡುಗಳ ಆಪರೇಟಿಂಗ್ ಸಿಸ್ಟಂ ಆದ ಝೆಫಿರ್‌ನಲ್ಲಿ ಇವೆರಡಕ್ಕೂ ಕಡತವೇ ಬೇರೆ: ಬೋರ್ಡಿನ ಮೇಲಿರುವುದು ಡಿವೈಸ್‌ಟ್ರೀಯಲ್ಲಿ, ತಂತ್ರಾಂಶಕ್ಕೆ ಯಾವ ಸೌಲಭ್ಯ ಸೇರಬೇಕೆಂಬ ಆಯ್ಕೆ ಕೆಕಾನ್ಫಿಗ್‌ನಲ್ಲಿ.

ಎಸ್‌ಎಚ್‌ಟಿ31 ಎಂಬ ತೇವಾಂಶದ ಸೆನ್ಸರನ್ನೇ ನೋಡಿ. ಅದರ ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ಸಂಪರ್ಕ) ವಿಳಾಸ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 44. ವಿಳಾಸದ ಪಿನ್ನನ್ನು ಸಪ್ಲೈಗೆ ಬೆಸೆದರೆ 45. ಇಲ್ಲಿ ಮಾತು ನಡೆಯುವುದು ಬೆಸುಗೆಯದು, ಬಳಸುವವರದ್ದಲ್ಲ. ಹತ್ತು ನಿಮಿಷಕ್ಕೊಮ್ಮೆ ಅಳೆಯಬೇಕೋ, ಗಂಟೆಗೊಮ್ಮೆ ಸಾಕೋ ಎಂಬುದು ಮಾತ್ರ ತೋಟದವರ ಇಷ್ಟ. ವಿಳಾಸ ತಪ್ಪಿದರೆ ಸೆನ್ಸರ್ ಉತ್ತರವನ್ನೇ ಕೊಡದು. ಅವಧಿ ತೀರಾ ಕಡಿಮೆಯಾದರೆ ಬ್ಯಾಟರಿ ಬೇಗ ಖಾಲಿಯಾದೀತು, ಅಷ್ಟೆ. ಇಷ್ಟು ದೂರದ ಎರಡು ಸಂಗತಿಗಳನ್ನು ಒಂದೇ ಹೆಸರಿನಲ್ಲಿ ಕಲಿಸುವುದು ನನಗೆ ಒಪ್ಪುವುದಿಲ್ಲ.

ಪಂಪ್‌ಸೆಟ್ ರಿಪೇರಿಯವರಲ್ಲಿ ಈ ಗೊಂದಲವಿಲ್ಲ. ಮೋಟರಿನ ನೇಮ್ ಪ್ಲೇಟ್ ಓದುತ್ತಾರೆ, ಸ್ಟಾರ್ಟರಿನ ರಿಲೇ ಸೆಟ್ ಮಾಡುತ್ತಾರೆ. ಅದೇ ಜಾಡಿನಲ್ಲಿ ಡಿವೈಸ್‌ಟ್ರೀಯಲ್ಲಿ ಇರುವುದಕ್ಕೆ ‘ಯಂತ್ರಾಂಶ ವಿವರ’, ಆಯ್ಕೆಗಳಿಗೆ ‘ಸೆಟ್ಟಿಂಗ್’ ಎಂದು ಇಟ್ಟುಕೊಂಡಿದ್ದೇನೆ. ಕೆಕಾನ್ಫಿಗ್‌ನ ಆಯ್ಕೆ ಬಿಲ್ಡ್ ವೇಳೆಯದು (ತಂತ್ರಾಂಶ ಕಟ್ಟುವಾಗಿನದು), ತೋಟದವರು ಗುಂಡಿ ಒತ್ತಿ ಬದಲಿಸಿದ್ದು ವಿದ್ಯುತ್ ಹೋದರೂ ಅಳಿಸದ ಫ್ಲ್ಯಾಶ್ ಮೆಮೊರಿಯಲ್ಲಿ ಉಳಿಯುವುದು; ಎರಡೂ ಸೆಟ್ಟಿಂಗೇ. ‘ಹೊಂದಾಣಿಕೆ’ ಎನ್ನಬಹುದೆಂದು ಕೆಲವರು ಸೂಚಿಸಿದರು. ಆದರೆ ಆ ಪದ ಡಿವೈಸ್‌ಟ್ರೀಯ ‘ಕಂಪ್ಯಾಟಿಬಲ್’ ಸಾಲಿಗೆ ಬೇಕು. ಆ ಸಾಲು ನೋಡಿಯೇ ಸಾಧನಕ್ಕೆ ತಕ್ಕ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಸಿಗುವುದು.

ಒಂದು ಗಂಟು ಬಿಚ್ಚಿಲ್ಲ. ಸೀರಿಯಲ್ ಪೋರ್ಟಿನ (ದತ್ತಾಂಶವನ್ನು ಒಂದೊಂದೇ ಬಿಟ್‌ನಂತೆ ಸಾಗಿಸುವ ಕಿಂಡಿ) ವೇಗ, ಉದಾಹರಣೆಗೆ ಸೆಕೆಂಡಿಗೆ 115200 ಬಿಟ್, ಬೆಸುಗೆಯಿಂದ ಬಂದದ್ದಲ್ಲ. ಆದರೂ ಡಿವೈಸ್‌ಟ್ರೀಯಲ್ಲೇ ಬರೆಯುತ್ತಾರೆ. ಯಂತ್ರಾಂಶದ ಆರಂಭದ ಸ್ಥಿತಿಗೂ ಝೆಫಿರ್ ಅಲ್ಲಿ ಜಾಗ ಕೊಟ್ಟಿದೆ. ಇದಕ್ಕೆ ‘ಮೂಲ ಸೆಟ್ಟಿಂಗ್’ ಎಂದರೆ ಸರಿಹೋದೀತೇ? ಕಾರವಾರ, ತದಡಿ ಕಡೆ ಬೋಟಿನ ಫಿಶ್ ಫೈಂಡರ್ (ನೀರಿನಡಿಯ ಮೀನು ಪತ್ತೆಮಾಡುವ ಸಾಧನ) ರಿಪೇರಿ ಮಾಡುವವರು ಕಂಪನಿಯಿಂದಲೇ ಹೊಂದಿಸಿ ಬಂದದ್ದಕ್ಕೆ ಏನೆನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.