ಹೆಸರು ಕೊಟ್ಟವರು 42, ಮೂರು ತಿಂಗಳಿಗೆ ಉಳಿದವರು 9: ಸ್ವಯಂಸೇವಕರನ್ನು ಉಳಿಸಿಕೊಳ್ಳುವುದು ಹೇಗೆ?

ಬಡಾವಣೆ_ಬಳಗ:
ಎಲ್ಲರಿಗೂ ನಮಸ್ಕಾರ. ಒಂಟಿಯಾಗಿರುವ ಹಿರಿಯರಿಗೆ ನೆರವಾಗಲು ಗುಂಪು ಕಟ್ಟಿದ್ದೇವೆ. ಔಷಧಿ ತಂದುಕೊಡುವುದು, ಆಸ್ಪತ್ರೆಗೆ ಜೊತೆಗೆ ಹೋಗುವುದು, ವಾರಕ್ಕೊಮ್ಮೆ ಮಾತಾಡಿಸಿ ಬರುವುದು, ಇಷ್ಟೇ ಕೆಲಸ. ಮೊದಲ ಸಭೆಯಲ್ಲಿ 42 ಜನ ಹೆಸರು ಬರೆಸಿದರು. ಈಗ ಕೈಗೆ ಸಿಗುವವರು 9, ಅದರಲ್ಲೂ ನಾಲ್ವರ ಮೇಲೇ ಪೂರ್ತಿ ಭಾರ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಯಾರು ಹೋಗ್ತೀರಿ?’ ಅಂತ ಕೇಳಿದರೆ ಉತ್ತರವೇ ಬರಲ್ಲ. ನೆರವು ಬೇಕಾದ ಮನೆಗಳು 12. ಹೊಸಬರನ್ನು ಸೇರಿಸಿಕೊಳ್ಳಬೇಕಾ?

ಸರದಿ_ಪಟ್ಟಿ:
ಈಗಲೇ ಸೇರಿಸಬೇಡಿ. ಸೋರುವ ಕೊಡಕ್ಕೆ ನೀರು ತುಂಬಿದ ಹಾಗಾಗುತ್ತದೆ. ಹೆಚ್ಚಿನವರು ಬಿಟ್ಟುಹೋಗುವುದು ಹೆಸರು ಕೊಟ್ಟ ದಿನಕ್ಕೂ ಮೊದಲ ಕೆಲಸಕ್ಕೂ ನಡುವಿನ ಅಂತರದಲ್ಲಿ. ಎರಡು ದಿನದೊಳಗೆ ಫೋನು, ಹತ್ತು ದಿನದೊಳಗೆ ಒಂದು ಸಣ್ಣ ಕೆಲಸ, ಇದು ತಪ್ಪಬಾರದು. ಫೋನಿನಲ್ಲಿ ಮೂರೇ ಪ್ರಶ್ನೆ: ವಾರದ ಯಾವ ದಿನ, ಎಷ್ಟು ಹೊತ್ತಿಗೆ ಬಿಡುವು? ಯಾವ ಕೆಲಸ ಇಷ್ಟ? ಯಾವುದು ಬೇಡ? ಮೂರನೆಯದನ್ನು ಮರೆಯಬೇಡಿ. ಆಸ್ಪತ್ರೆ ಅಂದರೆ ಹೆದರುವವರನ್ನು ಆಸ್ಪತ್ರೆಗೇ ಕಳಿಸಿದರೆ ಅವರು ಬೇಡ ಅನ್ನುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ.

‘ಹಿರಿಯರಿಗೆ ನೆರವು’ ಅಂದರೆ ಕೆಲಸ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ‘ಬುಧವಾರ ಸಂಜೆ 5ರಿಂದ 6.30, ಎರಡು ಮನೆಯ ಔಷಧಿ ಚೀಟಿ ಪಡೆದು, ಔಷಧಿಯನ್ನು ರಸೀದಿ ಸಮೇತ ಮುಟ್ಟಿಸುವುದು, ಎಂಟು ವಾರ’ ಅಂದರೆ ತಿಳಿಯುತ್ತದೆ. ಕೊನೆಯ ದಿನ ಕಂಡರೆ ಜನ ಧೈರ್ಯವಾಗಿ ಒಪ್ಪುತ್ತಾರೆ. ಎಂಟು ವಾರ ಮುಗಿದ ಮೇಲೆ ಕೇಳಿ: ಮುಂದುವರಿಸುತ್ತೀರಾ, ಕೆಲಸ ಬದಲಿಸಬೇಕಾ, ಬಿಡುವು ಬೇಕಾ?

ಗುಂಪಿನಲ್ಲಿ ಕೇಳುವುದನ್ನು ನಿಲ್ಲಿಸಿ. ಎಲ್ಲರನ್ನೂ ಕೇಳಿದಾಗ ಇನ್ಯಾರೋ ಹೋಗುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಪ್ರತಿ ಸರದಿಗೂ ಒಂದು ಹೆಸರು, ಅದರ ಪಕ್ಕದಲ್ಲಿ ಬದಲಿ ಹೆಸರು. ಹಿಂದಿನ ಸಂಜೆ ಅವರಿಬ್ಬರಿಗೆ ಮಾತ್ರ ನೆನಪಿನ ಸಂದೇಶ.

12 ಮನೆ 9 ಜನರಿಂದ ಆಗುವ ಕೆಲಸವಲ್ಲ. ವಾರಕ್ಕೆ ಒಬ್ಬರಿಗೆ ಒಂದೇ ಭೇಟಿ, ಮೂವರು ಬದಲಿಗೆ ಅಂತ ಇಟ್ಟರೆ 6 ಮನೆ ಹಿಡಿಯಬಹುದು. ಉಳಿದ 6 ಮನೆಗೆ ಸದ್ಯ ವಾರಕ್ಕೆರಡು ಫೋನು ಮಾಡಿ, ಹಾಗಂತ ಅವರಿಗೂ ಮೊದಲೇ ತಿಳಿಸಿ. ಐದು ಗಂಟೆಗೆ ಬರುತ್ತೇವೆ ಅಂದರೆ ನಾಲ್ಕೂವರೆಗೇ ಬಾಗಿಲು ತೆರೆದು, ಎದುರಿಗೊಂದು ಕುರ್ಚಿ ಹಾಕಿಟ್ಟು ಕೂತಿರುತ್ತಾರೆ. ಅಂಥವರಿಗೆ ಮಾತು ತಪ್ಪಬಾರದು.

ಲೆಕ್ಕದ_ಪುಸ್ತಕ:
ಮೇಲಿನ ಮಾತಿಗೆ ಪೂರ್ತಿ ಸಹಮತ. ಹಣ ಮತ್ತು ಸುರಕ್ಷತೆಯ ವಿಷಯ ಸೇರಿಸುತ್ತೇನೆ. ಗುಂಪು ಒಡೆಯುವುದು ಬಹುಪಾಲು ಇಲ್ಲೇ.

ಹೊಸಬರು ಮೊದಲ ಎರಡು ಭೇಟಿಗೆ ಅನುಭವಸ್ಥರ ಜೊತೆಗೇ ಹೋಗಲಿ. ಎಟಿಎಂ ಕಾರ್ಡು, ಪಿನ್ನು, ಮನೆ ಬೀಗದ ಕೈ, ಯಾವುದನ್ನೂ ತೆಗೆದುಕೊಳ್ಳಬಾರದು, ಹಿರಿಯರೇ ಒತ್ತಾಯ ಮಾಡಿದರೂ. ಹಿರಿಯರ ಮನೆಯಲ್ಲೇ ಒಂದು ನೋಟುಬುಕ್ ಇಡಿ: ದಿನಾಂಕ, ಕೊಟ್ಟ ಹಣ, ರಸೀದಿ ಮೊತ್ತ, ಹಿಂದಿರುಗಿಸಿದ ಚಿಲ್ಲರೆ, ಇಬ್ಬರ ಸಹಿ. ಸಹಿ ಕೇಳಿದರೆ ಅಪನಂಬಿಕೆ ಅಂತ ಕೆಲವರು ಬೇಸರಿಸುತ್ತಾರೆ. ನಾಳೆ ಮಕ್ಕಳು ಬಂದು ಲೆಕ್ಕ ಕೇಳಿದಾಗ ಸ್ವಯಂಸೇವಕರನ್ನು ಕಾಯುವುದು ಅದೇ ಪುಸ್ತಕ ಅಂತ ಬಿಡಿಸಿ ಹೇಳಿ.

ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಮಾತ್ರೆಯ ಸ್ಟ್ರಿಪ್ ಮೇಲಿನ ಔಷಧದ ಮೂಲ ಹೆಸರು (ಕಂಪನಿ ಇಟ್ಟ ಹೆಸರಲ್ಲ) ಮತ್ತು ಮಿಲಿಗ್ರಾಂ ಎರಡನ್ನೂ ಚೀಟಿಯ ಜೊತೆ ಹೋಲಿಸಿ. ಹೊಂದದಿದ್ದರೆ ವೈದ್ಯರನ್ನು ಕೇಳದೆ ಮನೆಗೆ ಕೊಡಬೇಡಿ. ಎಷ್ಟು ನುಂಗಬೇಕು ಅಂತ ಹೇಳುವುದು ಸ್ವಯಂಸೇವಕರ ಕೆಲಸವಲ್ಲ.

ಓಡಾಟದ ಖರ್ಚನ್ನು ಕೇಳುವ ಮೊದಲೇ, ಅದೇ ವಾರ ಕೊಟ್ಟುಬಿಡಿ. ಕೈಯಲ್ಲಿ ಹಣ ಇಲ್ಲದವರು ಬಾಯಿಬಿಟ್ಟು ಕೇಳುವುದಿಲ್ಲ, ಬರುವುದನ್ನೇ ಬಿಡುತ್ತಾರೆ.

ಬಡಾವಣೆ_ಬಳಗ:
ತುಂಬಾ ಧನ್ಯವಾದ. ಬದಲಿ ಹೆಸರಿನ ವಿಷಯ ನಮಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಆ ನಾಲ್ವರಲ್ಲಿ ಒಬ್ಬರು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ದಣಿದಿದ್ದಾರೆ, ಆದರೂ ಬಿಟ್ಟುಕೊಡಲ್ಲ. ಏನು ಮಾಡೋದು? ಬಿಟ್ಟುಹೋದ 33 ಜನರನ್ನು ಮತ್ತೆ ಕರೆಯಬಹುದಾ?

ಸರದಿ_ಪಟ್ಟಿ:
‘ನೀವು ವಿಶ್ರಾಂತಿ ತಗೊಳ್ಳಿ’ ಅಂದರೆ ಅವರಿಗೆ ತಮ್ಮನ್ನು ಹೊರಗೆ ಹಾಕಿದ ಹಾಗೆ ಕೇಳಿಸುತ್ತದೆ. ಅವರು ಮಾಡುವುದನ್ನೆಲ್ಲ ಅವರಿಂದಲೇ ಒಂದು ಹಾಳೆಯಲ್ಲಿ ಬರೆಸಿ. ಸರದಿ ಹಾಕುವುದು, ಫೋನು, ಲೆಕ್ಕ ಅಂತ ಬೇರೆ ಬೇರೆಯಾಗುತ್ತದೆ. ಅದರಲ್ಲಿ ಒಂದನ್ನು ಮಾತ್ರ ಇನ್ನೊಬ್ಬರಿಗೆ ಮೂರು ವಾರ ಕಲಿಸಿಕೊಡಿ ಅಂತ ಕೇಳಿ. ಮೊದಲ ವಾರ ಕಲಿಯುವವರು ನೋಡಲಿ, ಎರಡನೇ ವಾರ ಇಬ್ಬರೂ ಸೇರಿ ಮಾಡಲಿ, ಮೂರನೇ ವಾರ ಹೊಸಬರು ಮಾಡುವುದನ್ನು ಇವರು ನೋಡಲಿ. ಅದು ಹೊಸಬರ ಕೈಗೆ ಹತ್ತಿದ ಮೇಲೆ ಇನ್ನೊಂದು.

33 ಜನರನ್ನು ಖಂಡಿತ ಕರೆಯಿರಿ. ಮೂವರು ಹಂಚಿಕೊಂಡರೆ ತಲಾ 11 ಫೋನು. ‘ಯಾಕೆ ಬರಲಿಲ್ಲ?’ ಅನ್ನಬೇಡಿ. ‘ನಮ್ಮಿಂದ ಎಲ್ಲಿ ತಪ್ಪಾಯಿತು?’ ಅಂತ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಫೋನು ಇಡುವ ಮೊದಲು ದಿನ, ಹೊತ್ತು ಹೇಳಿ ಒಂದೇ ಒಂದು ಸರದಿ ಮುಂದಿಡಿ. ಬೇಡ ಅಂದವರ ಹೆಸರನ್ನು ಪಟ್ಟಿಯಿಂದಲೂ ವಾಟ್ಸ್‌ಆ್ಯಪ್ ಗುಂಪಿನಿಂದಲೂ ಅವರನ್ನು ಕೇಳಿಯೇ ತೆಗೆಯಿರಿ.

ಲೆಕ್ಕದ_ಪುಸ್ತಕ:
ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, 1985ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಪ್ರಮಾಣಪತ್ರ ಅವತ್ತು ಕೊಡಿ, ಆದರೆ ಧನ್ಯವಾದಕ್ಕೆ ಅಲ್ಲಿಯವರೆಗೆ ಕಾಯಬೇಡಿ. ಭೇಟಿ ಮುಗಿದ ಮರುದಿನವೇ ‘ನಿನ್ನೆ ನೀವು ತಂದುಕೊಟ್ಟ ಮಾತ್ರೆ ಇವತ್ತು ಬೆಳಿಗ್ಗೆ ತಗೊಂಡರಂತೆ, ನಿಮ್ಮನ್ನು ನೆನೆದರು’ ಅಂತ ಒಂದು ಸಾಲು ಅವರ ಹೆಸರು ಹಿಡಿದು ಬರೆಯಿರಿ.